ಹಾಸನ ಸೀಮೆಯ ಹೆಣ್ಣು: ಓದು, ಮದುವೆ, ಸಂಬಳ

(ಬಾನುಲಿ ಭಾಷಣ)

ನಮ್ಮ ಆಡುಮಾತಿನಲ್ಲಿ ಹೆಣ್ಣನ್ನು 'ಕೊಡುತ್ತಾರೆ', ಹೆಣ್ಣನ್ನು 'ತರುತ್ತಾರೆ'. "ಮಗಳನ್ನು ಎಲ್ಲಿಗೆ ಕೊಟ್ಟಿರಿ?" ಎಂದು ಹಾಸನದಲ್ಲಿ ಕೇಳಿದರೆ "ಹೊಳೆನರಸೀಪುರಕ್ಕೆ ಕೊಟ್ಟೆವು" ಎಂದು ಉತ್ತರ ಬರುತ್ತದೆ. "ಸೊಸೆಯನ್ನು ಎಲ್ಲಿಂದ ತಂದಿರಿ?" ಎಂದರೆ "ಅರಕಲಗೂಡಿನಿಂದ" ಎನ್ನುತ್ತಾರೆ. ಕನ್ನಡ ಪಾಠ ಹೇಳಿ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಈ ಮಾತುಗಳು ಕಿವಿಗೆ ಬಿದ್ದಾಗಲೆಲ್ಲ ವ್ಯಾಕರಣವೇ ಮೊದಲು ನೆನಪಾಗುತ್ತದೆ. ಕೊಡುವ ತಂದೆ ಕರ್ತೃ, ತರುವ ಮಾವ ಕರ್ತೃ. ಮದುವೆಯಾಗುವ ಹೆಣ್ಣು ಮಾತ್ರ ಕರ್ಮ. ಅವಳು ದ್ವಿತೀಯಾ ವಿಭಕ್ತಿಯಲ್ಲಿ ತವರನ್ನು ಬಿಟ್ಟು ದ್ವಿತೀಯಾ ವಿಭಕ್ತಿಯಲ್ಲಿಯೇ ಗಂಡನ ಮನೆಯನ್ನು ಸೇರುತ್ತಾಳೆ. ಕಳೆದ ನೂರಿಪ್ಪತ್ತೈದು ವರ್ಷಗಳಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳ ಸುತ್ತಿನಲ್ಲಿ ಹೆಣ್ಣು ಈ ವಾಕ್ಯದೊಳಗೆ ತನ್ನ ಸ್ಥಾನವನ್ನು ಹೇಗೆ ಬದಲಿಸಿಕೊಂಡಳು, ಎಷ್ಟರ ಮಟ್ಟಿಗೆ ಬದಲಿಸಿಕೊಂಡಳು ಎಂಬುದೇ ಈ ಹೊತ್ತಿನ ವಿಚಾರ. ಇದಕ್ಕೊಂದು ಅಳತೆಗೋಲು ಬೇಕು. ಓದಿದವರೆಷ್ಟು ಮಂದಿ ಎಂಬ ಎಣಿಕೆಗಿಂತ, ಅವಳು ಮಾಡಿದ ಕೆಲಸದ ಕೆಳಗೆ ಯಾರ ಹೆಸರು ಬಿದ್ದಿದೆ ಎಂಬ ಪ್ರಶ್ನೆ ನನಗೆ ಹೆಚ್ಚು ನಂಬಿಕೆಯ ಅಳತೆಯಾಗಿ ಕಂಡಿದೆ.

ಹಳೆಯ ಕಾಲದಿಂದಲೇ ಹೊರಡೋಣ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿ ಇದೆ. ಸವತಿಯರೆಂಬ ಆನೆಗಳಿಗೆ ಮದ್ದಾನೆಯಂತಿದ್ದವಳು ಎಂಬ ಅವಳ ಬಿರುದೇ ಬಸದಿಯ ಹೆಸರಾಯಿತು. ಗೀತ, ವಾದ್ಯ, ನೃತ್ಯಗಳಲ್ಲಿ ಅವಳಿಗಿದ್ದ ಪ್ರೌಢಿಮೆಯನ್ನು ಶಾಸನಗಳು ಕೊಂಡಾಡಿವೆ. ಅದೇ ಊರಿನಲ್ಲಿ ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಲದೇವಿ 1181ರಲ್ಲಿ ಕಟ್ಟಿಸಿದ್ದು ಅಕ್ಕನ ಬಸದಿ. ಗಂಡ ಶಿವಭಕ್ತ, ಹೆಂಡತಿ ಜಿನಭಕ್ತೆ. ತನ್ನ ನಂಬಿಕೆಗೆ ತಾನೇ ಗುಡಿ ಕಟ್ಟಿಸುವಷ್ಟು ಸ್ವಾತಂತ್ರ್ಯ ಅವಳಿಗಿತ್ತು. ಇಂಥ ಒಂದೆರಡು ಶಾಸನಗಳನ್ನು ಹಿಡಿದುಕೊಂಡು ನಮ್ಮಲ್ಲಿ ಹಿಂದೆ ಹೆಣ್ಣಿಗೆ ಯಾವ ಕೊರತೆಯೂ ಇರಲಿಲ್ಲವೆಂದು ಭಾಷಣ ಮಾಡುವವರು ಇದ್ದಾರೆ. ಅವರು ಅದೇ ಶ್ರವಣಬೆಳಗೊಳದ ಇನ್ನೊಬ್ಬ ಹೆಂಗಸನ್ನೂ ನೆನೆಯಬೇಕು. ಚಾವುಂಡರಾಯನು ಕೊಡಗಟ್ಟಲೆ ಹಾಲು ಸುರಿದರೂ ಗೊಮ್ಮಟನ ಮೈ ಪೂರ್ತಿ ನೆನೆಯಲಿಲ್ಲವಂತೆ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಸಿಪ್ಪೆಯಲ್ಲಿ ತಂದ ತೊಟ್ಟು ಹಾಲಿಗೆ ಅದು ಅಡಿಯವರೆಗೆ ತೊಯ್ದಿತಂತೆ. ಐತಿಹ್ಯ ಅವಳನ್ನು ದೇವತೆಯಾಗಿ ಮಾಡಿದೆ, ಅವಳಿಗೊಂದು ವಿಗ್ರಹವೂ ಉಂಟು. ಆದರೆ ಅವಳ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಕೈಯಲ್ಲಿದ್ದ ಕಾಯಿಯಿಂದ ಅವಳು ಗುಳ್ಳಕಾಯಜ್ಜಿ. ನಾಡಿನ ಹೆಂಗಸರಲ್ಲಿ ಶಾಂತಲೆಯರು ಎಲ್ಲೋ ಒಬ್ಬಿಬ್ಬರು, ಮಿಕ್ಕವರೆಲ್ಲ ಗುಳ್ಳಕಾಯಜ್ಜಿಯರೇ.

ಈ ಮಿಕ್ಕವರಿಂದ ನಿರೀಕ್ಷಿಸುತ್ತಿದ್ದುದು ಏನು? ಎಲ್ಲ ಮನೆಗಳಲ್ಲಿ ಒಂದೇ ನಿರೀಕ್ಷೆ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಬ್ರಾಹ್ಮಣರ ಮನೆಗಳಲ್ಲಿ ಹುಡುಗಿ ದೊಡ್ಡವಳಾಗುವುದಕ್ಕೆ ಮುಂಚೆಯೇ ಮದುವೆಯಾಗಬೇಕಿತ್ತು. ಗಂಡ ಸತ್ತರೆ, ಅವಳು ಅವನ ಮುಖವನ್ನು ಸರಿಯಾಗಿ ನೋಡಿಲ್ಲದಿದ್ದರೂ, ತಲೆ ಬೋಳಿಸಿ ಕೆಂಪು ಸೀರೆ ಉಡಿಸುತ್ತಿದ್ದರು. ಅಲ್ಲಿ ಹೆಣ್ಣಿನ ಧರ್ಮವೆಂದರೆ ಮಡಿ, ಅಡಿಗೆ, ಸಂತಾನ. ಒಕ್ಕಲುತನದ ಮನೆಗಳಲ್ಲಿ ಲೆಕ್ಕಾಚಾರವೇ ಬೇರೆ. ಅಲ್ಲಿ ಹೆಣ್ಣು ದುಡಿಯುವ ಕೈ. ಅವಳನ್ನು ಕಳೆದುಕೊಳ್ಳುವ ಮನೆಗೆ ಗಂಡಿನ ಕಡೆಯವರು 'ತೆರ' ಕೊಡಬೇಕಿತ್ತು. ಗಂಡ ಸತ್ತವಳಿಗೆ ಅನೇಕ ಜಾತಿಗಳಲ್ಲಿ ಕೂಡಿಕೆ, ಸೀರುಡಿಕೆ ಎಂಬ ಎರಡನೆಯ ಸಂಬಂಧಕ್ಕೆ ಅವಕಾಶವಿತ್ತು. ಅದು ಮದುವೆಯಷ್ಟು ಗೌರವದ್ದಲ್ಲ, ನಿಜ. ಆದರೂ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ದಲಿತರ ಕೇರಿಗಳಲ್ಲಿಯಂತೂ ಹೆಣ್ಣು ದುಡಿಯಬೇಕೆ ಬೇಡವೆ ಎಂಬ ಚರ್ಚೆಗೆ ಆಸ್ಪದವೇ ಇರಲಿಲ್ಲ. ದುಡಿಮೆ ಹುಟ್ಟಿನೊಂದಿಗೇ ಬಂದಿತ್ತು. ಬಾರದೆ ಉಳಿದದ್ದು ಶಾಲೆ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1942ರಲ್ಲಿ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬಗಳನ್ನು ಕುರಿತು ಬರೆದ ಪುಸ್ತಕದಲ್ಲಿ ಈ ಭಿನ್ನ ಪದ್ಧತಿಗಳೆಲ್ಲ ದಾಖಲಾಗಿವೆ. ಹೀಗಾಗಿ "ಹೆಂಗಸರು ಈಗ ಕೆಲಸಕ್ಕೆ ಹೊರಟಿದ್ದಾರೆ" ಎಂದು ನಾವು ಉದ್ಗರಿಸುವಾಗ ಊರಿನ ಒಂದೆರಡು ಬೀದಿಗಳ ಚರಿತ್ರೆಯನ್ನು ಇಡೀ ಊರಿನ ಚರಿತ್ರೆಯೆಂದು ಭಾವಿಸಿರುತ್ತೇವೆ.

ಓದಿನ ಮಾತಿಗೆ ಬರೋಣ. 1881ರಲ್ಲಿ ಅಂಬಿಲ್ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ, ಅರಮನೆಯ ಆಶ್ರಯದಲ್ಲಿ, ಮೈಸೂರಿನಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾಯಿತು. ಇಪ್ಪತ್ತು ವರ್ಷಗಳಲ್ಲಿ ಅದು ಕಾಲೇಜಾಗಿ ಬೆಳೆಯಿತು. 1894ರಲ್ಲಿ ಸಂಸ್ಥಾನವು ಶಿಶುವಿವಾಹ ನಿಷೇಧದ ಶಾಸನವನ್ನು ತಂದಿತು. ಎಂಟು ವರ್ಷ ತುಂಬದ ಹುಡುಗಿಯ ಮದುವೆ ಮಾಡಕೂಡದು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಕೂಡದು. ಇಂದು ಕೇಳಿದರೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಎಂಟು ವರ್ಷವೆಂಬ ಗಡಿಯನ್ನು ಹಾಕುವುದಕ್ಕೂ ಒಂದು ಕಾನೂನು ಬೇಕಾಗಿತ್ತೆಂದರೆ ವಾಡಿಕೆ ಹೇಗಿದ್ದಿತೆಂಬುದು ತಾನಾಗಿಯೇ ತಿಳಿಯುತ್ತದೆ. ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯಿದೆ 1929ರಲ್ಲಿ ಈ ಗಡಿಯನ್ನು ಹದಿನಾಲ್ಕಕ್ಕೆ ಏರಿಸಿತು. ಹದಿನೆಂಟಾಗುವ ಹೊತ್ತಿಗೆ 1978ನೆಯ ಇಸವಿ ಬಂದಿತ್ತು.

ಕಾನೂನಿಗಿಂತ ಹೆಚ್ಚು ಕೆಲಸ ಮಾಡಿದ್ದು ಅಕ್ಷರ. ನಂಜನಗೂಡು ತಿರುಮಲಾಂಬಾ ಅವರು ಹದಿನಾಲ್ಕನೆಯ ವಯಸ್ಸಿನಲ್ಲಿ ವಿಧವೆಯಾದವರು. ಮೂಲೆ ಹಿಡಿಯಬೇಕಾಗಿದ್ದ ಆ ಹುಡುಗಿ ಓದಿದರು, ಬರೆದರು, 1913ರಲ್ಲಿ ಸತೀಹಿತೈಷಿಣೀ ಗ್ರಂಥಮಾಲೆಯನ್ನು ಹೊರಡಿಸಿದರು, ಅನಂತರ 'ಕರ್ನಾಟಕ ನಂದಿನಿ' ಪತ್ರಿಕೆಯನ್ನು ನಡೆಸಿದರು. ಆರ್. ಕಲ್ಯಾಣಮ್ಮನವರ 'ಸರಸ್ವತಿ' ಪತ್ರಿಕೆ 1921ರಲ್ಲಿ ಬೆಂಗಳೂರಿನಿಂದ ಹೊರಟಿತು. ಇವರ ಬರವಣಿಗೆಯಲ್ಲಿ ಪತಿಭಕ್ತಿಯ ಉಪದೇಶ ಧಾರಾಳವಾಗಿದೆಯೆಂದು ಇಂದಿನ ವಿಮರ್ಶಕರು ಆಕ್ಷೇಪಿಸುವುದುಂಟು. ಉಪದೇಶ ಇದ್ದೇ ಇದೆ. ಆದರೆ ಪುಸ್ತಕದ ಮುಖಪುಟದ ಮೇಲೆ ಹೆಂಗಸಿನ ಹೆಸರು ಅಚ್ಚಾದದ್ದು, ಪತ್ರಿಕೆಯ ವ್ಯವಹಾರವನ್ನು ಹೆಂಗಸೇ ನೋಡಿಕೊಂಡದ್ದು, ಒಳಗಿನ ಉಪದೇಶಕ್ಕಿಂತ ದೊಡ್ಡ ಮಾತನ್ನು ಸದ್ದಿಲ್ಲದೆ ಹೇಳುತ್ತಿತ್ತು. ಇಂಥ ಪುಸ್ತಕವೊಂದು ಮನೆಯೊಳಕ್ಕೆ ಬಂದರೆ ಅದನ್ನು ಓದಲು ಬಲ್ಲ ಸೊಸೆಗೂ ಬಾರದ ಅತ್ತೆಗೂ ನಡುವಣ ತೂಕ ಸ್ವಲ್ಪ ಆಚೀಚೆಯಾಗುತ್ತಿತ್ತು. "ಹೆಣ್ಣಿಗೆ ಅಕ್ಷರ ಬಂದರೆ ಕಾಗದ ಬರೆದಾಳು" ಎಂಬ ಹಳಬರ ಹೆದರಿಕೆ ಬುಡವಿಲ್ಲದ್ದೇನಲ್ಲ. ಗಂಡನ ಮನೆಯಲ್ಲಿ ನಡೆಯುವುದು ತವರಿಗೆ ತಿಳಿಯಬಾರದೆಂಬ ಮನೆಗಳಿಗೆ ಆ ಕಾಗದ ನಿಜವಾಗಿಯೂ ಅಪಾಯದ್ದೇ ಆಗಿತ್ತು.

ಈ ಬೆಳಕು ಹೇಮಾವತಿಯ ದಡಕ್ಕೆ ಬಂದದ್ದು ನಿಧಾನವಾಗಿ. ಮೈಸೂರಿನಿಂದ ಹೊಳೆನರಸೀಪುರದ ಮೇಲೆ ಹಾಸನಕ್ಕೆ ರೈಲುದಾರಿಯಾದಾಗ ಓದುವ ಗಂಡುಮಕ್ಕಳಿಗೆ ಮೈಸೂರು ಹತ್ತಿರವಾಯಿತು. ಆದರೆ ಆ ಬಂಡಿಯಲ್ಲಿ ಮಗಳನ್ನು ಕೂರಿಸಿ ಕಳುಹಿಸುವುದಕ್ಕೆ ಮೈಸೂರಿನಲ್ಲಿ ನಂಟರ ಮನೆಯಿರಬೇಕಿತ್ತು, ಊರಿನ ಮಾತನ್ನು ಸಹಿಸುವ ಎದೆಯಿರಬೇಕಿತ್ತು. 1901ರ ಸುಮಾರಿಗೆ ಇಡೀ ದೇಶದಲ್ಲಿ ನೂರು ಹೆಂಗಸರಲ್ಲಿ ಒಬ್ಬಳಿಗೂ ಪೂರ್ತಿ ಅಕ್ಷರವಿರಲಿಲ್ಲ. ಐವತ್ತು ವರ್ಷಗಳ ಮೇಲೆ, 1951ರಲ್ಲಿ, ಆ ಸಂಖ್ಯೆ ಇನ್ನೂ 9ರ ಹತ್ತಿರವಿತ್ತು. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದು, ಆಸ್ತಿ ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳು ಇವರಿಗೂ ಭಾಗವುಂಟೆಂದು ಹೇಳಿತು. ದೇಶದಲ್ಲಿಯೇ ಮುಂದುವರಿದ ಕಾನೂನು ಅದು. ಆದರೆ ಅಕ್ಷರವಿಲ್ಲದವಳಿಗೆ ತನ್ನ ಹಕ್ಕು ಯಾವ ಪುಟದಲ್ಲಿದೆಯೆಂದು ಹೇಳುವವರು ಯಾರು?

ಅಕ್ಷರವಿದ್ದವಳ ಪಾಡೇನು ಎಂಬುದಕ್ಕೆ ನಮ್ಮ ಸೀಮೆಯ ಸಾಹಿತ್ಯದಲ್ಲಿಯೇ ಒಂದು ದಾಖಲೆಯಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡ ಎಸ್. ಎಲ್. ಭೈರಪ್ಪನವರ 'ಗೃಹಭಂಗ' ಕಾದಂಬರಿ ಪ್ರಕಟವಾದದ್ದು 1970ರಲ್ಲಿ. ಅದರ ಕಥೆ ಆ ಕಾಲಕ್ಕಿಂತ ಹಿಂದಿನದು, ಪ್ಲೇಗಿನ ಕಾಲದ್ದು. ರಾಮಸಂದ್ರದ ಶಾನುಭೋಗ ಚೆನ್ನಿಗರಾಯನಿಗೆ ಲೆಕ್ಕ ಬರೆಯುವ ಯೋಗ್ಯತೆಯಿಲ್ಲ. ಹೆಂಡತಿ ನಂಜಮ್ಮ ಕಂದಾಯದ ಲೆಕ್ಕವನ್ನು ಕಲಿತು, ಪುಸ್ತಕಗಳಿಗೆ ಗೆರೆ ಹಾಕಿ, ಬರೆದು ಮುಗಿಸುತ್ತಾಳೆ. ಮನೆ ನಡೆಯುವುದು ಅವಳ ಬರವಣಿಗೆಯಿಂದ. ಆದರೆ ಶಾನುಭೋಗಿಕೆ ಗಂಡನದು, ಪೋಟಿಗೆಯ ಹಣ ಸಲ್ಲುವುದೂ ಗಂಡನಿಗೆ. ಕಾದಂಬರಿಯ ಮನೆ ಮುರಿಯುವುದಕ್ಕೆ ಪ್ಲೇಗು, ಬಡತನ, ಅತ್ತೆಯ ಬಾಯಿ ಎಲ್ಲವೂ ಕಾರಣವೆಂದು ಓದುಗರು ಹೇಳುತ್ತಾರೆ. ನಾನು ಪಾಠ ಹೇಳುವಾಗ ವಿದ್ಯಾರ್ಥಿಗಳ ಮುಂದೆ ಇನ್ನೊಂದು ಕಾರಣವನ್ನೂ ಇಡುತ್ತಿದ್ದೆ: ಯಾರು ದುಡಿದರೋ ಅವರಿಗೆ ಆ ದುಡಿಮೆಯ ಮೇಲೆ ಅಧಿಕಾರವಿರಲಿಲ್ಲ. ನಂಜಮ್ಮನಿಗೆ ವಿದ್ಯೆ ಇತ್ತು, ಉದ್ಯೋಗವೂ ಇತ್ತು. ಇಲ್ಲದೆ ಹೋದದ್ದು ಹೆಸರು. ಹೆಣ್ಣು ಓದಿದರೆ ಸಾಕು, ಎಲ್ಲವೂ ಸರಿಯಾಗುತ್ತದೆ ಎಂದು ನಂಬುವವರು ಈ ಕಾದಂಬರಿಯನ್ನು ಮತ್ತೊಮ್ಮೆ ಓದಬೇಕು.

ಸ್ವಾತಂತ್ರ್ಯ ಬಂದ ಮೇಲೆ ಓದು ಹೆಣ್ಣುಮಕ್ಕಳ ಕಡೆಗೆ ತಿರುಗಿತು. ಆದರೆ ಅದು ಬಂದದ್ದು ಮದುವೆಯ ಬಾಗಿಲಿನಿಂದ ಎಂಬುದು ನನ್ನ ತಿಳಿವಳಿಕೆ. ಗಂಡು ಕಾಲೇಜು ಓದಿ ಗುಮಾಸ್ತನಾದಾಗ, ಮೇಷ್ಟರಾದಾಗ, ಅವನಿಗೆ ಕಾಗದ ಬರೆಯಬಲ್ಲ ಹೆಂಡತಿ ಬೇಕಾದಳು. ಆಗ ಹುಡುಗಿಯ ಓದು ಮಿಡ್ಲ್‌ಸ್ಕೂಲಿನವರೆಗೆ ಸಾಗಿತು. ಗಂಡು ಬಿ.ಎ. ಆದಾಗ ಹೆಣ್ಣು ಎಸ್ಸೆಸ್ಸೆಲ್ಸಿ ಆದಳು. ಗಂಡು ಇಂಜಿನಿಯರಾದಾಗ ಹೆಣ್ಣು ಬಿ.ಎಸ್ಸಿ. ಆದಳು. ಗಂಡಿನ ಓದಿಗಿಂತ ಒಂದು ಮೆಟ್ಟಿಲು ಕೆಳಗೆ ಹೆಣ್ಣಿನ ಓದು ನಿಲ್ಲಬೇಕೆಂಬುದು ಬರೆಯದ ಶಾಸನ. ಅವಳು ಹೆಚ್ಚು ಓದಿದರೆ ಅದಕ್ಕೂ ಹೆಚ್ಚು ಓದಿದ ಗಂಡನ್ನು ಎಲ್ಲಿ ಹುಡುಕುವುದು ಎಂಬ ತಂದೆಯ ಚಿಂತೆಯಲ್ಲಿ ಅನೇಕರ ಓದು ಮುಗಿದುಹೋಗಿದೆ. ಹಾಡು, ಹಸೆ, ಹೊಲಿಗೆಗಳ ಸಾಲಿನಲ್ಲಿಯೇ ಪದವಿಯೂ ಹೆಣ್ಣು ನೋಡುವ ಶಾಸ್ತ್ರದ ಒಂದು ಪ್ರಶ್ನೆಯಾಯಿತು. ಉತ್ತರ ಕೊಟ್ಟಾದ ಮೇಲೆ ಪದವಿಯ ಪತ್ರ ಟ್ರಂಕಿನಲ್ಲಿ, ಧಾರೆಯ ಸೀರೆಯ ಮಡಿಕೆಯ ಕೆಳಗೆ, ಭದ್ರವಾಗಿರುತ್ತಿತ್ತು.

ಇದರೊಂದಿಗೆ ಇನ್ನೊಂದು ವಿಪರ್ಯಾಸ ನಡೆಯಿತು. ಒಕ್ಕಲು ಮನೆಗಳಲ್ಲಿ ತೆರ ಕೊಟ್ಟು ಹೆಣ್ಣು ತರುತ್ತಿದ್ದವರು, ಮಗ ಓದಿ ನೌಕರಿ ಹಿಡಿದ ಮೇಲೆ, ವರದಕ್ಷಿಣೆ ಕೇಳತೊಡಗಿದರು. ನೀರಾವರಿಯಾಗಿ ಕೈಯಲ್ಲಿ ನಾಲ್ಕು ಕಾಸು ಆಡಿದ ಮನೆಯವರು ಸೊಸೆ ಗದ್ದೆಗೆ ಇಳಿಯದಿರುವುದೇ ಮರ್ಯಾದೆಯೆಂದುಕೊಂಡರು; ಕೂಡಿಕೆಯ ಮಾತೆತ್ತಿದರೆ ನಾಚಿಕೊಂಡರು. ವರದಕ್ಷಿಣೆಯನ್ನು ಕುರಿತು 1984ರಲ್ಲಿ ಪ್ರಕಟವಾದ ಉಪನ್ಯಾಸದಲ್ಲಿ ಶ್ರೀನಿವಾಸರು ಇದನ್ನು ಬಿಡಿಸಿ ತೋರಿಸಿದ್ದಾರೆ. ಈಗಿನ ವರದಕ್ಷಿಣೆ ಹಳೆಯ ಕನ್ಯಾದಾನದ ದಕ್ಷಿಣೆಯಲ್ಲ. ಇಂಗ್ಲಿಷು ಓದಿ ಸಂಬಳದ ಕೆಲಸ ಹಿಡಿದ ವರನಿಗೆ ಕಟ್ಟಿದ ಬೆಲೆ. ಹಳೆಯ ಕೆಡುಕನ್ನು ಹೊಸ ವಿದ್ಯೆ ತೊಡೆಯುತ್ತದೆಂದು ನಾವು ಕಾಯುತ್ತಿದ್ದೆವು. ಇಲ್ಲಿ ವಿದ್ಯೆಯೇ ಒಂದು ಹೊಸ ಕೆಡುಕಿಗೆ ಕಾರಣವಾಯಿತು, ಅದು ಹಳೆಯ ವೇಷವನ್ನು ತೊಟ್ಟುಕೊಂಡಿತು, ಅಷ್ಟೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯನ್ನು ಲಗ್ನಪತ್ರಿಕೆಯ ಹಾಗೆ ಎಲ್ಲರೂ ಒಮ್ಮೆ ನೋಡಿ ಬದಿಗಿಟ್ಟರು.

"ಉದ್ಯೋಗಂ ಪುರುಷಲಕ್ಷಣಂ" ಎಂಬ ಮಾತನ್ನು ಬದಲಾಯಿಸಿದ್ದು ಮೇಷ್ಟರ ಕೆಲಸ. ಹಳ್ಳಿಯಲ್ಲಿ 'ಮೇಷ್ಟ್ರಮ್ಮ' ಎಂದರೆ ಬಹುಕಾಲ ಮೇಷ್ಟರ ಹೆಂಡತಿ. ಆಮೇಲೆ ಅದೇ ಪದ ಪಾಠ ಹೇಳುವ ಹೆಂಗಸಿಗೆ ಸಂದಿತು. ಒಂದು ಪದದ ಅರ್ಥ ಹೀಗೆ ಜರುಗಿದಾಗ ಅದರ ಹಿಂದೆ ಒಂದು ಸಮಾಜವೇ ಜರುಗಿರುತ್ತದೆ. ಮೊದಮೊದಲು ಈ ಕೆಲಸಕ್ಕೆ ಬಂದವರಲ್ಲಿ ಗಂಡನನ್ನು ಕಳೆದುಕೊಂಡವರು, ಮದುವೆಯ ಯೋಗ ಕೂಡಿಬರದವರು ಇರುತ್ತಿದ್ದರು; ಕೆಲಸವೆಂಬುದು ದಿಕ್ಕಿಲ್ಲದವಳ ದಿಕ್ಕು. ಬೆಲೆಗಳು ಏರಿದ ಹಾಗೆ ಒಬ್ಬರ ಸಂಬಳದಲ್ಲಿ ಮನೆ ನಡೆಯದಾಯಿತು. ಆಗ ವರನ ಕಡೆಯವರೇ "ಹುಡುಗಿ ಕೆಲಸದಲ್ಲಿದ್ದಾಳೆಯೆ?" ಎಂದು ಕೇಳತೊಡಗಿದರು. ಕೆಲಸಕ್ಕೆ ಹೋಗುವುದು ಬೇಡವೆಂದವರು ಹೋಗಲೇಬೇಕೆಂದರು. ಎರಡು ಸಲವೂ ಅವಳನ್ನು ಯಾರೂ ಕೇಳಲಿಲ್ಲ ಎಂಬುದನ್ನು ಗಮನಿಸಬೇಕು. ಬೆಳಗಿನ ಐದು ಗಂಟೆಯ ಒಲೆ ಹಾಗೆಯೇ ಉಳಿಯಿತು. ಒಂಬತ್ತು ಗಂಟೆಯ ಬಸ್ಸು ಹೊಸದಾಗಿ ಸೇರಿತು. ಸಂಬಳದ ದಿನ ಕವರನ್ನು ಯಾರ ಕೈಗೆ ಕೊಡಬೇಕೆಂಬ ವಿಷಯದಲ್ಲಿ ನಂಜಮ್ಮನ ಕಾಲ ಬಹಳ ಮನೆಗಳಲ್ಲಿ ಮುಗಿದಿರಲಿಲ್ಲ.

ನಾನು ಕಾಲೇಜಿನಲ್ಲಿ ಪಾಠಕ್ಕೆ ನಿಂತ 1980ರ ದಶಕದಲ್ಲಿ ಹುಡುಗಿಯರು ಮುಂದಿನ ಎರಡು ಬೆಂಚುಗಳಲ್ಲಿ ಮುಗಿದುಹೋಗುತ್ತಿದ್ದರು. ವೈಶಾಖದ ಲಗ್ನಗಳು ಕಳೆದು ಕಾಲೇಜು ತೆರೆದಾಗ ಹಾಜರಿ ಕರೆದರೆ ಕೆಲವು ಹೆಸರುಗಳಿಗೆ ಉತ್ತರವಿರುತ್ತಿರಲಿಲ್ಲ. ಪಕ್ಕದವಳು ಎದ್ದು, "ಮದುವೆ ಆಯ್ತು ಸಾರ್" ಎನ್ನುವಳು. ನಿವೃತ್ತನಾಗುವ ಹೊತ್ತಿಗೆ ಕನ್ನಡ ಐಚ್ಛಿಕದ ತರಗತಿಯಲ್ಲಿ ಹುಡುಗರನ್ನೇ ಹುಡುಕಬೇಕಾಗಿತ್ತು. ಈ ನಡುವೆ ಆದದ್ದೇನು? ತಾಲ್ಲೂಕು ಕೇಂದ್ರಗಳಿಗೆ ಕಾಲೇಜುಗಳು ಬಂದವು. ಹಿಂದುಳಿದವರ, ದಲಿತರ ಮಕ್ಕಳಿಗೆ ಹಾಸ್ಟೆಲುಗಳಾದವು. ಬಸ್ಸಿನ ಪಾಸು ದೊರೆಯಿತು. 2006ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಹಲವು ವರ್ಷ ಸೈಕಲ್ ಕೊಟ್ಟಿತು. ಹೈಸ್ಕೂಲು ಊರಿನಿಂದ ಮೂರು ಮೈಲಿ ದೂರವಿದೆಯೆಂಬ ಒಂದೇ ಕಾರಣಕ್ಕೆ ಏಳನೆಯ ತರಗತಿಗೆ ನಿಲ್ಲುತ್ತಿದ್ದ ಹುಡುಗಿಗೆ ಆ ಸೈಕಲ್ಲು ಯಾವ ಭಾಷಣಕ್ಕಿಂತಲೂ ದೊಡ್ಡದು. 2023ರ ಜೂನ್‌ನಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾದದ್ದನ್ನೂ ಈ ಸಾಲಿನಲ್ಲಿಯೇ ನೋಡಬೇಕು. 2011ರ ಜನಗಣತಿಯ ಪ್ರಕಾರ ಹಾಸನ ಜಿಲ್ಲೆಯಲ್ಲಿ ಓದುಬರಹ ಬಲ್ಲ ಗಂಡಸರು ನೂರಕ್ಕೆ 80ಕ್ಕೂ ಹೆಚ್ಚು. ಹೆಂಗಸರು 70ಕ್ಕೆ ಸ್ವಲ್ಪ ಕಡಿಮೆ. ಅಂತರ ಉಳಿದಿದೆ, ಆದರೆ ಅದು ಹೆಚ್ಚಾಗಿ ಅಜ್ಜಿಯರ ಕಾಲದ ಅಂತರ, ಮೊಮ್ಮಕ್ಕಳದಲ್ಲ.

ಈ ಜಿಲ್ಲೆಯ ಹೆಣ್ಣುಮಕ್ಕಳು ಓದಿ ಸುಮ್ಮನೆ ಕೂರಲಿಲ್ಲ. ಬೇಲೂರು ತಾಲ್ಲೂಕಿನ ದಬ್ಬೆಯಿಂದ ಬಂದ ವಿಜಯಾ ದಬ್ಬೆಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು, ಕವಿಯಾದರು, ಕನ್ನಡದಲ್ಲಿ ಸ್ತ್ರೀವಾದಿ ಚಿಂತನೆಯ ಅಡಿಪಾಯ ಹಾಕಿದವರಲ್ಲಿ ಒಬ್ಬರಾದರು. ಮರೆತುಹೋಗಿದ್ದ ತಿರುಮಲಾಂಬಾ ಅವರನ್ನು ಹೊಸ ತಲೆಮಾರಿಗೆ ಮತ್ತೆ ಪರಿಚಯಿಸಿದವರಲ್ಲಿ ಅವರೂ ಒಬ್ಬರು. 1948ರಲ್ಲಿ ಹಾಸನದಲ್ಲಿ ಹುಟ್ಟಿದ ಬಾನು ಮುಷ್ತಾಕ್ ಅವರನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು, ಆರು ತಿಂಗಳೊಳಗೆ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ. ಹಾಗೆ ಕಲಿತ ಕನ್ನಡದಲ್ಲಿ ಅವರು ಬರೆದ ಕಥೆಗಳು, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದವು. ಪ್ರಶಸ್ತಿಗಿಂತ ನಮಗೆ ಮುಖ್ಯವಾದದ್ದು ಆ ಕಥೆಗಳ ಒಳಗಿನ ಹೆಂಗಸರು. ಮದುವೆ, ತಲಾಖು, ಹೆರಿಗೆ, ತವರು ಇವುಗಳ ನಡುವೆ ನಲುಗುವ ಅವರಿಗೆ ನ್ಯಾಯ ಕೇಳಲು ಬಾಗಿಲು ಯಾವುದೆಂದೇ ತಿಳಿಯದು. ಬರೆದವರು ಲೇಖಕಿ ಮಾತ್ರವಲ್ಲ, ವಕೀಲರೂ ಹೌದು. ಕರ್ಮಪದವಾಗಿದ್ದವಳು ವಾದಿಸುವವಳಾದ ಮೇಲೆ ಹುಟ್ಟಿದ ಸಾಹಿತ್ಯ ಅದು.

ಇಷ್ಟು ದಾರಿ ಬಂದ ಮೇಲೂ ಹೆಸರಿನ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪಿನ ಬೇಸಾಯವನ್ನು ನೋಡಿ. ಎಲೆಯನ್ನು ಕಡ್ಡಿಗೆ ಕಟ್ಟುವವರು, ಬೆಂದ ಸೊಪ್ಪನ್ನು ಬಣ್ಣ ನೋಡಿ ಬೇರ್ಪಡಿಸುವವರು ಹೆಂಗಸರು; ಬೆಳೆಯ ಪರವಾನಗಿ ಬಹುಮಟ್ಟಿಗೆ ಮನೆಯ ಗಂಡಸಿನ ಹೆಸರಿನಲ್ಲಿ, ಹರಾಜಿನ ಹಣವೂ ಅದೇ ಹೆಸರಿಗೆ. ಹಸುವಿಗೆ ಹುಲ್ಲು ತರುವವಳು, ಹಾಲು ಕರೆಯುವವಳು ಅವಳು. ಡೈರಿಯ ಪಾಸ್‌ಪುಸ್ತಕದಲ್ಲಿ ಅವನ ಹೆಸರು. ಹೆಂಗಸರದೇ ಆದ ಹಾಲು ಉತ್ಪಾದಕರ ಸಂಘಗಳು ಆದ ಕಡೆಗಳಲ್ಲಿ ಮಾತ್ರ ಈ ಪುಸ್ತಕ ಕೈ ಬದಲಾಯಿಸಿದೆ. ಸರ್ಕಾರವೂ ಇದರಲ್ಲಿ ಹಿಂದೆ ಬಿದ್ದಿಲ್ಲ. 1975ರಲ್ಲಿ ಅಂಗನವಾಡಿ ಯೋಜನೆ ಬಂದಾಗ ಎಷ್ಟೋ ಹಳ್ಳಿಗಳ ಸೊಸೆಯಂದಿರಿಗೆ ಅದು ಮೊದಲ ಉದ್ಯೋಗವಾಯಿತು. ಆದರೆ ಆ ಕಾರ್ಯಕರ್ತೆಗೆ ಕೊಡುವುದನ್ನು 'ಸಂಬಳ' ಎನ್ನುವುದಿಲ್ಲ, 'ಗೌರವಧನ' ಎನ್ನುತ್ತಾರೆ. ಗೌರವ ಹೆಸರಿನಲ್ಲಿ, ಧನ ಅಷ್ಟಕ್ಕಷ್ಟೆ.

ಆಸ್ತಿಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹುಟ್ಟುಹಕ್ಕೆಂದು ಕರ್ನಾಟಕ 1994ರಲ್ಲಿ ಕಾನೂನು ಮಾಡಿತು. ಅದಕ್ಕೆ ಮುಂಚೆ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದಿತು. 2020ರಲ್ಲಿ ಸುಪ್ರೀಂ ಕೋರ್ಟು ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸ್ಪಷ್ಟಪಡಿಸಿತು. ಹಾಗಿದ್ದೂ ಸಬ್‌ ರಿಜಿಸ್ಟ್ರಾರ್ ಕಚೇರಿಯ ಪಡಸಾಲೆಯಲ್ಲಿ ಒಂದು ದಿನ ಕುಳಿತು ನೋಡಿದರೆ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಬಂದ ಅಕ್ಕತಂಗಿಯರನ್ನು ಕಾಣಬಹುದು. ಅವರಲ್ಲಿ ಓದಿದವರಿದ್ದಾರೆ, ನೌಕರಿಯಲ್ಲಿರುವವರಿದ್ದಾರೆ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ ಕೊಟ್ಟಿರುತ್ತಾರೆ, ಕೆಲವೊಮ್ಮೆ ಅದೂ ಇಲ್ಲ. ಯಾರೂ ಕೈ ತಿರುಚಿರುವುದಿಲ್ಲ. ಪಾಲು ಕೇಳಿದರೆ ಗೌರಿಹಬ್ಬಕ್ಕೆ ಬಾಗಿನ ಬರುವುದು ನಿಂತುಹೋದೀತು, ತಾಯಿ ಇರುವವರೆಗಾದರೂ ಹೋಗಿ ಬರುವ ಬಾಗಿಲು ಮುಚ್ಚೀತು ಎಂಬ ಅಳುಕೊಂದೇ 1994ರ ಕಾನೂನನ್ನು ಸೋಲಿಸುತ್ತದೆ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆ ಕಾನೂನಿನ ಪುಸ್ತಕದಿಂದ ಹೋಗಿದೆ. ಅಣ್ಣತಂಗಿಯರ ಮನಸ್ಸಿನಿಂದ ಹೋಗಿಲ್ಲ. ಹೆಣ್ಣು ತನ್ನ ಕೈಯಾರೆ ಹಾಕಲು ಕಲಿತ ಸಹಿ ಮೊತ್ತಮೊದಲು ಬೀಳುವುದು ತನ್ನ ಹಕ್ಕನ್ನು ಬಿಟ್ಟುಕೊಡುವ ಕಾಗದದ ಮೇಲೆ ಎಂದಾದರೆ, ನೂರು ವರ್ಷಗಳ ವಿದ್ಯಾಭ್ಯಾಸದ ಚರಿತ್ರೆಗೆ ಅದಕ್ಕಿಂತ ಕಟುವಾದ ಟಿಪ್ಪಣಿ ಬೇಕಿಲ್ಲ.

ಈಗ ಹೊಸದೊಂದು ದೂರು ಕೇಳಿಬರುತ್ತಿದೆ. ಬೇಸಾಯಗಾರರ ಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲವೆಂಬುದು ಆ ದೂರು. 2023ರ ಫೆಬ್ರವರಿಯಲ್ಲಿ ಪಕ್ಕದ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಮಲೆಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಪತ್ರಿಕೆಗಳು ಅದನ್ನು ತಮಾಷೆಯಾಗಿ ಬರೆದವು. ನನಗೆ ನಗು ಬರಲಿಲ್ಲ. ಮೂವತ್ತೈದು ದಾಟಿದ ಮಗನನ್ನು ಮನೆಯಲ್ಲಿಟ್ಟುಕೊಂಡ ತಾಯಿಯ ಸಂಕಟ ಸುಳ್ಳಲ್ಲ. ಆದರೆ "ಹುಡುಗಿಯರಿಗೆ ಓದಿ ಸೊಕ್ಕು ಬಂದಿದೆ" ಎನ್ನುವವರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ರೈತನ ಮನೆಗೆ ಹೋಗಬೇಡವೆಂದು ಈ ಹುಡುಗಿಯರಿಗೆ ಹೇಳಿಕೊಟ್ಟವರು ಯಾರು? ರೈತನ ಹೆಂಡತಿಯಾಗಿ ಮೂವತ್ತು ವರ್ಷ ಸಗಣಿ ಬಾಚಿದ ಅವರ ತಾಯಂದಿರೇ. "ನನ್ನ ಪಾಡು ನಿನಗೆ ಬೇಡ ಕಣೇ" ಎಂಬ ಆ ಮಾತು ನಮ್ಮ ಹಳ್ಳಿಯ ಹೆಂಗಸರು ತಮ್ಮ ಬಾಳನ್ನು ಕುರಿತು ಕೊಟ್ಟಿರುವ ತೀರ್ಪು. ಅವರು ಬೇಡವೆಂದದ್ದು ಹೊಲವನ್ನಲ್ಲ ಎಂದೇ ನನ್ನ ಊಹೆ. ಎಷ್ಟು ದುಡಿದರೂ ಪಹಣಿಯಲ್ಲಿ ಹೆಸರಿಲ್ಲದ, ಕೈಗೆ ಕಾಸು ಬಾರದ, ಬೆಲೆ ಬಿದ್ದ ವರ್ಷ ಸಾಲಕ್ಕೆ ಮಾತ್ರ ಪಾಲುದಾರಳಾಗುವ ಬಾಳನ್ನು ಅವರು ಬೇಡವೆಂದರು. ಇದರೊಂದಿಗೆ, ಹೆಣ್ಣು ಭ್ರೂಣವನ್ನು ಗುರುತಿಸಿ ತೆಗೆಸಿದ ಮನೆಗಳ ಲೆಕ್ಕವೂ ಈಗ ಬಡ್ಡಿಸಹಿತ ಬರುತ್ತಿದೆ. ಹುಟ್ಟಲು ಬಿಡದವರು ಸೊಸೆಗಾಗಿ ಯಾವ ಬೆಟ್ಟವನ್ನು ಹತ್ತಿದರೆ ಏನು ಫಲ?

ನಿರಾಶೆಯಲ್ಲಿ ಮಾತು ಮುಗಿಸುವುದಕ್ಕೆ ಕಾರಣವಿಲ್ಲ. ಪಂಚಾಯಿತಿಗಳಲ್ಲಿ ಹೆಂಗಸರಿಗೆ 1987ರ ಚುನಾವಣೆಯಲ್ಲಿ ನಾಲ್ಕನೆಯ ಒಂದು ಭಾಗ ಸ್ಥಾನ ಮೀಸಲಾಗಿತ್ತು. 2010ರ ತಿದ್ದುಪಡಿಯಿಂದ ಅರ್ಧ ಭಾಗ ಅವರದು. ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಗಂಡ ಕುಳಿತು ಮಾತಾಡುವ ಊರುಗಳಿವೆ. ಗಂಡನನ್ನು ಹೊರಗೆ ಕೂರಿಸಿ ಸಭೆ ನಡೆಸುವ ಅಧ್ಯಕ್ಷೆಯರೂ ಇದ್ದಾರೆ. ಹಾಸನದ ಕೈಗಾರಿಕಾ ಪ್ರದೇಶದ ಜವಳಿ ಕಾರ್ಖಾನೆಗಳಿಗೆ ಸುತ್ತಲ ಹಳ್ಳಿಗಳಿಂದ ಹೋಗಿ ಬರುವ ಹೆಣ್ಣುಮಕ್ಕಳ ಸಂಬಳ ಅವರವರ ಬ್ಯಾಂಕಿನ ಖಾತೆಗೇ ಬೀಳುತ್ತದೆ. ಅದು ಹೆಚ್ಚಿನ ಹಣವಲ್ಲ. ಆದರೆ ಅದನ್ನು ತೆಗೆಯುವುದಕ್ಕೆ ಅವಳ ಸಹಿಯೇ ಬೇಕು.

ನಂಜಮ್ಮನ ಕೆಲಸ ಏನಾಯಿತೆಂಬುದನ್ನೂ ಹೇಳಿಬಿಡಬೇಕು. ವಂಶಪಾರಂಪರ್ಯದ ಶಾನುಭೋಗಿಕೆ 1963ರಲ್ಲಿ ರದ್ದಾಯಿತು. ಆ ಜಾಗಕ್ಕೆ ಗ್ರಾಮ ಲೆಕ್ಕಿಗರು ಬಂದರು. ಈಗ ಅವರಿಗೆ ಗ್ರಾಮ ಆಡಳಿತಾಧಿಕಾರಿ ಎಂದು ಹೆಸರು. ಸ್ಪರ್ಧಾತ್ಮಕ ಪರೀಕ್ಷೆ ಬರೆದು ಆ ಹುದ್ದೆಗೆ ಬಂದ ಹೆಣ್ಣುಮಕ್ಕಳು ಇಂದು ನಮ್ಮ ತಾಲ್ಲೂಕುಗಳಲ್ಲಿ ಬೇಕಾದಷ್ಟು ಮಂದಿ. ನಂಜಮ್ಮ ಕತ್ತಲೆಯ ನಡುಮನೆಯಲ್ಲಿ ಕುಳಿತು ಬರೆದ ಅದೇ ಕಂದಾಯದ ಲೆಕ್ಕ, ಅದೇ ಪಹಣಿ, ಅದೇ ಹೊಲಗಳು. ವ್ಯತ್ಯಾಸವಿಷ್ಟೆ: ಕಾಗದದ ಕೆಳಗೆ ಈಗ ಬರೆದವಳ ಹೆಸರೇ ಇರುತ್ತದೆ. ತಾನು ನೋಡಿಕೊಳ್ಳುವ ಆ ಪಹಣಿಯ ಕಾಲಂಗಳಲ್ಲಿ ತನ್ನ ಅಕ್ಕತಂಗಿಯರ ಹೆಸರುಗಳು ಎಷ್ಟಿವೆಯೆಂದು ಅವಳು ಎಣಿಸಿ ನೋಡಬೇಕಾದ ಕಾಲ ಇದು. ಅವಳು ಎಣಿಸದಿದ್ದರೆ ಇನ್ನಾರು ಎಣಿಸಬೇಕು?